ಜಲಜಾಕ್ಷಿಯ ಬಲಗೈ

ಕೋವಿಡ್ ಗಲಾಟೆ ಮುಗಿದ ಮರುವರ್ಷದ ಮಾತು. ನಾನಾಗ ದೇಲಂಪಾಡಿ ಕಡೆಯ ಮನೆಗಳಿಗೆ ಹೋಗುವ ಪಾಲಿಯೇಟಿವ್ ನರ್ಸ್. ವಾರಕ್ಕೆ ನಾಲ್ಕು ದಿನ ಜೀಪಿನಲ್ಲಿ ಗುಡ್ಡ ಹತ್ತಿ ಇಳಿಯುವುದು, ನಡೆಯಲಾಗದ ರೋಗಿಗಳನ್ನು ಮನೆಯಲ್ಲೇ ನೋಡುವುದು. ಸರ್ವಿಸಿನಲ್ಲಿ ಸಾವು ಬೇಕಾದಷ್ಟು ಕಂಡಿದ್ದೇನೆ. ಆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುವುದು ಸಾಯದೆ ಉಳಿದ ಜಲಜಾಕ್ಷಿಯನ್ನು ನೆನೆದಾಗ.

ಜಲಜಾಕ್ಷಿ ಟೈಲರ್. ಜಗಲಿಯಲ್ಲೇ ಮಿಷನ್. ಗಂಡ ಗಲ್ಫಿನಲ್ಲಿ ಡ್ರೈವರ್. ಮನೆಯಲ್ಲಿ ಅವಳು ಮತ್ತು ಅತ್ತೆ ಕಮಲಕ್ಕ. ಬಲಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ, ಆ ಬದಿಯ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದಿದ್ದರು. ಕೆಲವೇ ತಿಂಗಳಲ್ಲಿ ಬಲಗೈ ಬಾತುಕೊಂಡಿತು.

"ಕೈಯೊಂದು ಸರಿಯಾಗ್ಲಿ ಸಿಸ್ಟರ್, ಮತ್ತೆಂತದೂ ಬೇಡ. ಕತ್ತರಿ ಹಿಡಿದ್ರೆ ನಾನು ಬದುಕಿದೆ," ಎನ್ನುತ್ತಿದ್ದಳು.

ರಕ್ತನಾಳಗಳಿಂದ ಒಸರುವ ನೀರನ್ನು ಹೆಕ್ಕಿ ಮತ್ತೆ ರಕ್ತಕ್ಕೆ ಸೇರಿಸುವ ಸಣ್ಣ ನಾಳಗಳ ಜಾಲ ನಮ್ಮ ಮೈಯಲ್ಲಿ ಉಂಟು. ಅದೇ ಲಿಂಫ್ ವ್ಯವಸ್ಥೆ. ಇದಕ್ಕೆ ಹೃದಯದಂಥ ಪಂಪ್ ಇಲ್ಲ. ದಾರಿಯಲ್ಲಿರುವ ಗ್ರಂಥಿಗಳು ಆ ನೀರನ್ನು ಸೋಸಿ ರೋಗಾಣುಗಳನ್ನು ತಡೆಯುತ್ತವೆ. ಗ್ರಂಥಿ ತೆಗೆದರೆ ನೀರು ಕೈಯಲ್ಲೇ ನಿಲ್ಲಬಹುದು. ಅಂಥ ಕೈಗೆ ಸಣ್ಣ ಗಾಯವೂ ಅಪಾಯ. ನಿಂತ ನೀರನ್ನು ಮೇಲಕ್ಕೆ ಒತ್ತಲು ಮಣಿಕಟ್ಟಿನಿಂದ ಭುಜದವರೆಗೆ ಕಂಪ್ರೆಷನ್ ಸ್ಲೀವ್ ಎಂಬ ಬಿಗಿಯಾದ ತೋಳುಚೀಲ ಹಾಕಬೇಕು.

ಆದರೆ ಮಣಿಕಟ್ಟಿನಲ್ಲಿ ಆರು ಗಾಜಿನ ಬಳೆ. ಆಪರೇಷನ್ನಿಗೆ ತೆಗೆಸಿದ್ದನ್ನು ಮನೆಗೆ ಬಂದ ದಿನವೇ ಕಮಲಕ್ಕ ಮತ್ತೆ ತೊಡಿಸಿದ್ದರು. ಈಗ ಬಾತ ಕೈಯಿಂದ ಅವು ಜಾರುವುದಿಲ್ಲ, ಒಡೆದೇ ತೆಗೆಯಬೇಕು. ಹೇಳಿದೆ.

"ನನ್ನ ಮಗ ಗುಂಡುಕಲ್ಲಿನ ಹಾಗೆ ಇದ್ದಾನೆ. ಅವಳ ಕೈಯ ಬಳೆ ಒಡೀಲಿಕ್ಕೆ ಹೇಳ್ತೀರಲ್ಲ, ನೀವೂ ಒಬ್ಬ ಹೆಂಗಸಾ?" ಎಂದರು ಕಮಲಕ್ಕ.

ಜಲಜಾಕ್ಷಿ ತಲೆ ತಗ್ಗಿಸಿದಳು. ನಾನು ಚೀಲ ಎತ್ತಿಕೊಂಡೆ. ಅವರ ಮನೆ ವಿಷಯ, ನಮಗ್ಯಾಕೆ ಉಸಾಬರಿ ಅಂದುಕೊಂಡು ಜೀಪು ಹತ್ತಿದೆ. ಥೂ, ನನ್ನ ಜನ್ಮಕ್ಕಿಷ್ಟು!

ಮುಂದಿನ ಭೇಟಿಗಳಲ್ಲಿ ಅವಳು ಸ್ಲೀವ್ ಹಾಕಿಕೊಂಡೇ ಇದ್ದಳು. ಬಳೆಗೆ ತಾಗದಂತೆ ಅದರ ತುದಿಯನ್ನು ಎರಡು ಮಡಿಕೆ ಮಡಚಿ ಮೇಲೇರಿಸಿದ್ದಳು. ಆ ಮಡಿಕೆ ಹಗ್ಗ ಬಿಗಿದ ಹಾಗೆ ಕೂತು, ನೀರೆಲ್ಲ ಕೆಳಗೆ ಅಂಗೈಯಲ್ಲಿ ನಿಲ್ಲುತ್ತಿತ್ತು. ನಾನು ಟೇಪು ಹಿಡಿದದ್ದು ಮೊಣಕೈಯ ಮೇಲೆ. ಮೂವತ್ತನಾಲ್ಕು ಸೆಂಟಿಮೀಟರ್ ಇದ್ದದ್ದು ಮೂವತ್ತೆರಡಕ್ಕೆ ಇಳಿದಿತ್ತು. "ಭೇಷ್ ಮಾರಾಯ್ತಿ!" ಎಂದು ಬೆನ್ನು ತಟ್ಟಿದೆ. ಬೆರಳು ಊದಿದ್ದು ಕಂಡಿತ್ತು, ಆದರೆ ಅದರ ಅಳತೆ ತೆಗೆಯಲಿಲ್ಲ. ತೆಗೆದರೆ ಮತ್ತೆ ಬಳೆಯ ಮಾತು ಬರುತ್ತದಲ್ಲ.

ಮದುವೆ ಸೀಸನ್ನಿನ ಬ್ಲೌಸ್ ಹೊಲಿಯುವಾಗ ತೋರುಬೆರಳಿಗೆ ಸೂಜಿ ಚುಚ್ಚಿತು. ಎರಡೇ ದಿನದಲ್ಲಿ ಕೈ ಕೆಂಪೇರಿ ಚಳಿಜ್ವರ ಬಂತು. ಆಸ್ಪತ್ರೆಯಲ್ಲಿ ಬಳೆಗಳನ್ನು ಕಟ್ಟರಿನಿಂದ ಒಡೆದು ತೆಗೆದರು. ಅಷ್ಟು ಹೊತ್ತಿಗೆ, ಬಾತ ಕೈಗೆ ಬಳೆ ಬಿಗಿದು ರಕ್ತ ಓಡದೆ, ಎರಡು ಬೆರಳು ಕಪ್ಪಾಗಿದ್ದವು. ಜೀವ ಉಳಿಸಲು ಅವನ್ನು ತೆಗೆದರು.

ಗಂಡ ರಜೆ ಹಾಕಿ ಓಡಿ ಬಂದ. ಬಳೆಯ ಕಥೆಯನ್ನು ನಾನೇ ಹೇಳಿದೆ. ಅವನು ಹೆಂಡತಿಯ ಬ್ಯಾಂಡೇಜು ನೋಡುತ್ತಾ, "ದಿನಾ ಫೋನ್ ಮಾಡ್ತಿದ್ದೆ ಸಿಸ್ಟರ್. ನನ್ನ ಆಯುಷ್ಯದ ವಿಷಯ ಅಲ್ವಾ, ನನ್ನತ್ರ ಯಾಕೆ ಯಾರೂ ಕೇಳ್ಲಿಲ್ಲ?" ಎಂದ.

ನನ್ನ ಮೊಬೈಲಿನಲ್ಲಿ ಅವನ ನಂಬರ್ ಮೊದಲಿನಿಂದಲೂ ಇತ್ತು.

ಅನಾಟಮಿ ಪುಸ್ತಕದಲ್ಲಿ ಕೈಗೆ ಮೂಳೆ, ಸ್ನಾಯು, ನರ, ನಾಳ ಅಂತ ಉಂಟು. ಬಳೆ ಇಲ್ಲ, ಅತ್ತೆಯೂ ಇಲ್ಲ. ರೋಗಿಯ ಮನೆಗೆ ಹೋಗುವವರು ಅದನ್ನೂ ಓದಬೇಕು, ಬೈಸಿಕೊಂಡಾದರೂ ಬಾಯಿ ಬಿಡಬೇಕು. ಇಷ್ಟು ಕಲಿಯಲು ನನಗೆ ಇನ್ನೊಬ್ಬಳ ಬೆರಳು ಬೇಕಾಯಿತು.

ಜಲಜಾಕ್ಷಿ ಮಿಷನ್ ಮಾರಿದಳು. ಬೆರಳು ಹೋದದ್ದು ಸೂಜಿಯಿಂದ ಎಂದು ಕಮಲಕ್ಕ ಈಗಲೂ ಊರಿಗೆಲ್ಲ ಹೇಳುತ್ತಾರೆ. ಕೇಸ್ ಶೀಟಿನಲ್ಲಿ ನಾನೂ ಹಾಗೆಯೇ ಬರೆದಿದ್ದೇನೆ.