ಶಾಂತಿ ಗಟ್ಟಿಯಾಗಿ ಹೇಳದ ಎಂಟರ್‌ಪ್ರೈಸ್

ಸೋಸಲೆಯ ಶಾಂತಿಗೆ ಎರಡು ತಿಂಗಳ ಸಂಬಳ ಬರಬೇಕು. ಬಾಕಿ ಇಟ್ಟುಕೊಂಡಿರುವುದು ಯಾವ ಕಾರ್ಖಾನೆಯ ಧಣಿಯೂ ಅಲ್ಲ. ಕೂಲಿ ನುಂಗುವ ಗುತ್ತಿಗೆದಾರರ ವಿರುದ್ಧ ಗೇಟಿನ ಮುಂದೆ ಕೂತು, ಲಾಠಿ ಏಟು ತಿಂದು ಕಟ್ಟಿದ ಕಾರ್ಮಿಕರ ಸಹಕಾರ ಸಂಘವೇ.

ಆ ಧರಣಿಯಲ್ಲಿ ಶಾಂತಿಯ ಅವ್ವನೂ ಇದ್ದಳು. ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಟಾರ್ಪಾಲಿನಡಿ ಅವ್ವ ಘೋಷಣೆ ಕೂಗುತ್ತಿದ್ದರೆ ಮಗಳು ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತಿದ್ದಳು. ಕೂಗುವುದು ಮಾತ್ರ ಅವಳಿಗೆ ಬರಲಿಲ್ಲ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ನಂಜನಗೂಡಿನ ಸಂಘದ ಆಫೀಸಿಗೇ ಸೇರಿದಳು. ತಾಂಡ್ಯದ ಕಾರ್ಖಾನೆಗಳಿಗೂ ನರಸೀಪುರದ ಅಕ್ಕಿ ಗಿರಣಿಗಳಿಗೂ ಸಂಘವೇ ಆಳು ಕಳಿಸುತ್ತದೆ. ಯಾರು ಎಷ್ಟು ಹೊತ್ತು ದುಡಿದರು, ಹೊತ್ತು ಮೀರಿ ಎಷ್ಟು ಓಟಿ ಮಾಡಿದರು ಎಂಬುದೆಲ್ಲ ಆಫೀಸಿನ ಒಂದೇ ಸರ್ವರ್‌ನಲ್ಲಿ. ಆ ಸರ್ವರ್ ಶಾಂತಿಯ ಸುಪರ್ದಿಯಲ್ಲಿ.

ಹಳೆಯ ಡೇಟಾಬೇಸ್ ಏದುಸಿರು ಬಿಡತೊಡಗಿದಾಗ ಹೊಸದು ಕೊಳ್ಳುವ ಮಾತು ಕಮಿಟಿಗೆ ಬಂತು. ಅದರಲ್ಲಿ ಎರಡು ಬಗೆ. ಸ್ಟ್ಯಾಂಡರ್ಡ್ ಅಗ್ಗ; ದಿನಾ ಸಂಜೆ ನಕಲು ತೆಗೆದಿಡಬೇಕು. ಎಂಟರ್‌ಪ್ರೈಸ್ ನಾಲ್ಕಾರು ಪಟ್ಟು ದುಬಾರಿ. ಆದರೆ ನರಸೀಪುರದಲ್ಲಿ ಇನ್ನೊಂದು ಯಂತ್ರ ಇಟ್ಟರೆ, ಇಲ್ಲಿ ಬರೆದದ್ದೆಲ್ಲ ಆ ಕ್ಷಣವೇ ಅಲ್ಲಿಗೂ ಹೋಗುತ್ತದೆ. ಇಲ್ಲಿಯದು ಕೆಟ್ಟರೆ ಅದು ಕೆಲಸ ಹಿಡಿಯುತ್ತದೆ.

"ನಮಗೆ ಎಂಟರ್‌ಪ್ರೈಸೇ ಬೇಕಾಗ್ತದೆ," ಎಂದಳು ಶಾಂತಿ.

ಗಿರಣಿಯಲ್ಲಿ ಅಕ್ಕಿ ಕೇರುವ ಕಮಿಟಿ ಸದಸ್ಯೆ ಮಂಚಮ್ಮ ಎದೆ ಮುಟ್ಟಿಕೊಂಡಳು. "ಅಯ್ಯೋ, ಅವನ ಎಸರು ಎತ್ತಬ್ಯಾಡ ಕಣವ್ವ!"

ಅವನು ಎಂದರೆ ಇವರ ಪಿಎಫ್ ನುಂಗಿ ದಕ್ಕಿಸಿಕೊಂಡ ಹಳೆಯ ಗುತ್ತಿಗೆದಾರ. ಅವನ ಬೋರ್ಡಿನ ಬಾಲಕ್ಕೆ 'ಎಂಟರ್‌ಪ್ರೈಸಸ್' ಎಂದಿತ್ತು. ಸಂಘದವರ ಬಾಯಲ್ಲಿ ಅವನು ಇವತ್ತಿಗೂ 'ಎಂಟರ್‌ಪ್ರೈಸು'.

ಅಧ್ಯಕ್ಷ ರಂಗನಾಯಕ ಟವೆಲ್ ಕೊಡವಿದರು. "ಸ್ಟ್ಯಾಂಡರ್ಡ್ ಅಂದ್ರೆ ಒಳ್ಳೆ ಮಾಲು ಅಂತ್ಲೇ ಅಲ್ವಾ? ಸ್ಟ್ಯಾಂಡರ್ಡ್ ಓಟ್ಲು, ಸ್ಟ್ಯಾಂಡರ್ಡ್ ಸೀರೆ ಅನ್ನಲ್ವಾ? ಅದ ಬುಟ್ಟು ಆ ಕಳ್ಳನ ಎಸರಿಂದು ಯಾಕಮ್ಮಿ ತರಾದು?"

"ಇದೇ ಬೇರೆ ದೊಡ್ಡಪ್ಪ. ಇದ್ರಲ್ಲಿ ಸ್ಟ್ಯಾಂಡರ್ಡ್ ಅಂದ್ರೆ ಕಮ್ಮಿದು..."

"ಸ್ಟ್ಯಾಂಡರ್ಡೇ ಕಮ್ಮಿದಂತೆ, ಕೇಳ್ರಪ್ಪೋ!" ಖಜಾಂಚಿ ರಾಜೇಂದ್ರ ನಕ್ಕ. "ನಿನ್ ತಮ್ಮ ರವಿ ಈಗ್ಲೂವೆ ಆ ಕಳ್ಳನ ಟೆಂಪೊ ತಾನೆ ಓಡ್ಸಾದು? ಕಮಿಷನ್ನು ಗಿಮಿಷನ್ನು ಏನಾರ ಮಾತಾಡವ್ನಾ?"

ಎಲ್ಲರೂ ನಕ್ಕರು. ಶಾಂತಿಯೂ ನಗಲು ನೋಡಿದಳು, ಆಗಲಿಲ್ಲ. ಇನ್ನೊಂದು ಮಾತಾಡಿದರೆ ತಮ್ಮನ ಅನ್ನವೂ ತನ್ನ ಮಾನವೂ ಒಟ್ಟಿಗೇ ಬೀದಿಗೆ ಬೀಳುತ್ತವೆ ಎನಿಸಿತು.

"ಆಯ್ತು, ಸ್ಟ್ಯಾಂಡರ್ಡೇ ಇರ್ಲಿ."

ಬೆಲೆ ಕೇಳಿ ಬೇಡವೆಂದಿದ್ದರೆ ಅದೊಂದು ನ್ಯಾಯ. ಬೆಲೆಯನ್ನು ಯಾರೂ ಕೇಳಲೇ ಇಲ್ಲ. ಹೆಸರು ಕೇಳಿಯೇ ಬೇಡವೆಂದರು.

ಗಿರಣಿ ಮೇಸ್ತ್ರಿಗಳದ್ದು ಒಂದು ಚಾಳಿ. ಇಡೀ ತಿಂಗಳ ಓಟಿಯನ್ನು ಕಡೆಯ ದಿನವೇ ಮೊಬೈಲಿನಿಂದ ಸರ್ವರ್‌ಗೆ ಒತ್ತಿ, ಬರೆದಿಟ್ಟ ಚೀಟಿ ಹರಿದು ಬಿಸಾಕುತ್ತಾರೆ. ಅಂಥದೇ ಒಂದು ಕಡೆಯ ದಿನ, ಮಧ್ಯಾಹ್ನ, ಸರ್ವರ್‌ನ ಡಿಸ್ಕ್ ಸತ್ತಿತು. ಹಿಂದಿನ ಸಂಜೆಯ ನಕಲಿನಿಂದ ಶಾಂತಿ ಎಲ್ಲವನ್ನೂ ಮತ್ತೆ ಎಬ್ಬಿಸಿದಳು. ಆ ಬೆಳಿಗ್ಗೆ ಒತ್ತಿದ್ದ ಗಿರಣಿಗಳ ಓಟಿ ಮಾತ್ರ ಎಲ್ಲೂ ಇರಲಿಲ್ಲ. "ಲೆಕ್ಕ ತೋರ್ಸಿ, ಕೊಡ್ತೀವಿ," ಎಂದರು ಗಿರಣಿಯವರು.

"ಮೊದ್ಲೇ ಯಾಕಮ್ಮಿ ಏಳ್ನಿಲ್ಲ?" ರಂಗನಾಯಕ ಗುಡುಗಿದರು.

"ಹೇಳಿದ್ನಲ್ಲ ದೊಡ್ಡಪ್ಪ."

"ಗಟ್ಯಾಗಿ ಏಳ್ಬೇಕಿತ್ತು."

ನಷ್ಟ ತುಂಬುವವರೆಗೆ ಅವಳ ಸಂಬಳ ತಡೆಹಿಡಿಯಬೇಕೆಂದು ಠರಾವಾಯಿತು. ಮಂಚಮ್ಮನೂ ಕೈ ಎತ್ತಿದಳು. ಅವಳ ಓಟಿಯೂ ಹೋಗಿತ್ತು.

ಶಾಂತಿ ಈಗಲೂ ಸೋಸಲೆಯಿಂದ ಬಸ್ಸು ಹತ್ತಿ ಬರುತ್ತಾಳೆ, ಸಂಜೆ ನಕಲು ತೆಗೆದೇ ಹೋಗುತ್ತಾಳೆ. ಬಸ್ ಚಾರ್ಜು ತಮ್ಮ ಕೊಡುತ್ತಾನೆ, ಆ ಟೆಂಪೊ ಓಡಿಸಿದ ದುಡ್ಡಿನಲ್ಲಿ. ಅವಳ ತಪ್ಪೇ ಇಲ್ಲವೆಂದಲ್ಲ. ಬಾಯಿ ಮುಚ್ಚಿದ್ದು ತಪ್ಪು. ಆದರೆ ಮುಚ್ಚಿಸಿದವರ ಕಾಸನ್ನು ಯಾರೂ ತಡೆದಿಲ್ಲ. ನಷ್ಟದ ನೆಪದಲ್ಲಿ ದುಡಿದವರ ಕೂಲಿ ಹಿಡಿಯುವ ವಿದ್ಯೆಯನ್ನು ಸಂಘ ಕಲಿತದ್ದು ಯಾರಿಂದ? ಆ 'ಎಂಟರ್‌ಪ್ರೈಸಿ'ನವನಿಂದಲೇ.

ಸಂಘದ ಮಹಾಸಭೆ ಹತ್ತಿರ ಬಂತು. ಈ ಕರಪತ್ರ ಓದುತ್ತಿರುವ ನೀವೂ ಅದರ ಸದಸ್ಯರೇ. ಬೋಂಡ ತಿಂದು, ಟೀ ಕುಡಿದು, ಸಹಿ ಹಾಕಿ ಮನೆಗೆ ಹೋಗಬೇಡಿ. ಎದ್ದು ನಿಲ್ಲಿ. ಶಾಂತಿಗೆ ಬಾರದ ಗಟ್ಟಿ ದನಿಯಲ್ಲಿ ಅವಳ ಸಂಬಳ ಕೇಳಿ. ಕೊಡುವವರೆಗೆ ಕೂರಬೇಡಿ.