ಆರು ವಾರದ ಚೌಕಾಸಿ

ದಾವಣಗೆರೆ, ಹರಿಹರದ ದನದ ಸಂತೆಗಳನ್ನು ಸಾಮ್ರಾಜ್ಯ ಎನ್ನುವುದಾದರೆ, ಅದರ ಚಕ್ರವರ್ತಿ ವಿನೋಬನಗರದ ದಲ್ಲಾಳಿ ಬಡೇಸಾಬರು. ಕಿರೀಟದ ಬದಲು ಹೆಗಲ ಮೇಲೊಂದು ಟವೆಲ್. ಮಾರುವವನ ಕೈಯನ್ನು ಅದರಡಿ ಹಿಡಿದು ಬೆರಳು ಒತ್ತಿದರೆ, ಒಂದು ಬೆರಳಿಗೆ ನೂರು. ಸುತ್ತ ನಿಂತವರಿಗೆ ದರ ತಿಳಿಯುತ್ತಿರಲಿಲ್ಲ. ದರವೊಂದೇ ಗುಟ್ಟು, ಉಳಿದದ್ದಕ್ಕೆಲ್ಲ ಅವರ ಗಂಟಲೇ ನಗಾರಿ. ಎತ್ತಿನ ಹಲ್ಲು, ಗೊರಸು, ಸುಳಿ, ಅದರ ತಾಯಿಯ ಸ್ವಭಾವ ಎಲ್ಲವನ್ನೂ ಅವರು ವರ್ಣಿಸತೊಡಗಿದರೆ ಮಾರಾಟಕ್ಕೆ ನಿಂತ ಎತ್ತೇ ಹಿಂತಿರುಗಿ ನೋಡುತ್ತಿತ್ತು, ಅಂಥ ಎತ್ತು ಯಾವುದಪ್ಪಾ ಎಂದು.

ಅಂಥ ಗಂಟಲು ೧೯೮೧ರ ಬೇಸಿಗೆಯಲ್ಲಿ ಕೆಟ್ಟಿತು. ಮೊದಲು ಐಸ್‌ಕ್ಯಾಂಡಿಯ ಮೇಲೆ ಆರೋಪ ಬಂತು, ಆಮೇಲೆ ಮಂಡಕ್ಕಿ ಜೊತೆಗಿನ ಮೆಣಸಿನಕಾಯಿಯ ಮೇಲೆ. ಬೀಡಿಯನ್ನು ಮಾತ್ರ ಯಾರೂ ಬೈಯಲಿಲ್ಲ, ಅದು ಮನೆತನದ ಹಳೆಯ ಸ್ನೇಹಿತ. ಶುಂಠಿ, ಜೇನು ಸೋತು ಶರಣಾದ ಮೇಲೆ ಊರಿನ ಡಾಕ್ಟರು ಹುಬ್ಬಳ್ಳಿಯ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗೊತ್ತಾಯಿತು: ಧ್ವನಿಪೆಟ್ಟಿಗೆಯಲ್ಲಿ ಹೆಸರುಕಾಳಿನಷ್ಟು ಗಂಟು. ಕ್ಯಾನ್ಸರ್.

"ಬೇಗ ಬಂದೀರಿ, ಅದೇ ಪುಣ್ಯ," ಎಂದರು ಹುಬ್ಬಳ್ಳಿ ಡಾಕ್ಟರು. "ಆರು ವಾರ ರೇಡಿಯೇಶನ್, ಅಂದ್ರ ಕರೆಂಟ್ ಕೊಡ್ತೀವಿ. ಪೂರ್ತಿ ತಗೊಂಡ್ರೆ ಧ್ವನಿ ಉಳೀಬಹುದು. ಅರ್ಧಕ್ಕೆ ಬಿಟ್ರೆ ಗಂಟು ಮತ್ತೆ ಬೆಳೀತದ, ಆಮೇಲೆ ಧ್ವನಿಪೆಟ್ಟಿಗೀನೇ ತೆಗೀಬೇಕಾಗ್ತದ. ಬೀಡಿ ಬಂದ್. ಮಾತೂ ಬಂದ್."

ಬೀಡಿ ಬಿಟ್ಟದ್ದು ಸಾಹಸ. ಮಾತು ಬಿಟ್ಟದ್ದು ಪವಾಡ. ಬಡೇಸಾಬರು ಆಸ್ಪತ್ರೆಯ ಧರ್ಮಶಾಲೆಯಲ್ಲಿ ಮೌನಿಬಾಬಾ ಆಗಿ ಕೂತರು. ದಿನಾ ಯಂತ್ರದ ಕೆಳಗೆ ಮಲಗಿಸುತ್ತಿದ್ದರು. ಮೈ ಜುಮ್ಮೆನ್ನಲಿಲ್ಲ, ಕಿಡಿ ಹಾರಲಿಲ್ಲ. ಯಂತ್ರ ಗುಂಯ್ ಎಂದು ಸುಮ್ಮನಾಗುತ್ತಿತ್ತು. ಇದೆಂಥ ಕರೆಂಟು ಎಂದು ಮೊದಲು ನಕ್ಕರು. ವಾರಗಳು ಕಳೆದಂತೆ ಕತ್ತಿನ ಚರ್ಮ ಕಪ್ಪಾಯಿತು, ಗಂಜಿಯೂ ಜಲ್ಲಿಕಲ್ಲಿನಂತೆ ಇಳಿಯತೊಡಗಿತು. ನಗು ನಿಂತು ಲೆಕ್ಕಾಚಾರ ಶುರುವಾಯಿತು.

ತಮ್ಮ ಆಯುಷ್ಯದಲ್ಲೇ ಅವರು ಕೊನೆಯ ದರವನ್ನು ಮೊದಲೇ ಹೇಳುವ ಮನುಷ್ಯನನ್ನು ನೋಡಿರಲಿಲ್ಲ. ಆರು ಎಂದು ಬಾಯಿಬಿಟ್ಟವನ ಮನಸ್ಸಿನಲ್ಲಿ ನಾಲ್ಕಿರುತ್ತದೆ. ಇದು ಸಂತೆಯ ಶಾಸ್ತ್ರ. ಡಾಕ್ಟರಾದರೇನು, ಅವರೂ ಮನುಷ್ಯರೇ. ನಾಲ್ಕನೆಯ ವಾರದ ಶುಕ್ರವಾರ ಕರೆಂಟ್ ಮುಗಿಸಿ, ಯಾರಿಗೂ ಹೇಳದೆ, ಬಡೇಸಾಬರು ವಿಜಯಿಯಾಗಿ ದಾವಣಗೆರೆಯ ರೈಲು ಹತ್ತಿದರು.

ಮರುದಿನ ಬೆಳಿಗ್ಗೆ ಕಡರನಾಯಕನಹಳ್ಳಿಯ ಮಾಳಿಂಗಪ್ಪ ಮನೆಗೆ ಬಂದ. ಅವನ ಜೋಡಿ ಎತ್ತು ಮಾರಾಟವಾಗದೆ ನಿಂತಿದ್ದವು. "ಬಂದ್ರಾ ಸಾಬ್ರೇ! ನೀವಿಲ್ದೆ ಸಂತ್ಯಾಗೆ ಎತ್ತಿಗೂ ಬ್ಯಾಸರ ಆಗೇತಿ. ಎಲ್ಲ ಮುಗೀತಾ?"

ಬಡೇಸಾಬರು ನಾಲ್ಕು ಬೆರಳು ತೋರಿಸಿ ಕಣ್ಣು ಹೊಡೆದರು.

ಒಳಗಿನಿಂದ ಹೆಂಡತಿ ಹಜೀರಾಬೀ ಬಂದರು. ಮನೆಮಾತು ಉರ್ದುವಾದರೂ ಸಿಟ್ಟು ಬಂದಾಗ ಅವರು ಕನ್ನಡ ಆಡುತ್ತಿದ್ದರು, ಓಣಿಗೆಲ್ಲ ತಿಳಿಯಲಿ ಎಂದು.

"ನಾಲ್ಕಾ? ಡಾಕ್ಟ್ರು ಆರು ಅಂದಿದ್ರು. ಕರೆಂಟಿಗೂ ಚೌಕಾಸಿ ಮಾಡಿ ಬಂದ್ರೇನ್ರಿ?"

ಬಡೇಸಾಬರು ಮುಗುಳ್ನಕ್ಕರು. ಮಾತಾಡಬಾರದು ಎಂಬ ಆಜ್ಞೆಯನ್ನು ಮಾತ್ರ ಅವರು ಚೌಕಾಸಿಯಿಲ್ಲದೆ ಒಪ್ಪಿದ್ದರು.

"ಮಾಳಿಂಗಪ್ಪಣ್ಣ, ನಿನ್ನ ಟವೆಲ್ ಕೊಡು," ಎಂದರು ಹಜೀರಾಬೀ.

"ಯಾಕ ತಂಗೀ?"

"ಕೊಡು ಅಂದ್ರೆ ಕೊಡು."

ಗಂಡನ ಕೈಮೇಲೆ ಟವೆಲ್ ಹಾಸಿ, ಅದರಡಿ ತಮ್ಮ ಕೈ ತೂರಿಸಿದರು. ಹೆಂಗಸೊಬ್ಬಳು ಟವೆಲ್ಲಿನಡಿ ಕೈಯಿಟ್ಟದ್ದನ್ನು ಆ ಸೀಮೆ ಅದುವರೆಗೆ ಕಂಡಿರಲಿಲ್ಲ. ಮಾಳಿಂಗಪ್ಪ ಎತ್ತನ್ನು ಮರೆತು ಕೂತ. ಹಜೀರಾಬೀ ಐದು ಬೆರಳು ಒತ್ತಿ, ಮತ್ತೊಂದನ್ನು ಒತ್ತಿದರು. ಆರು. ಬಡೇಸಾಬರು ನಾಲ್ಕು ಒತ್ತಿದರು. ಆರು. ಟವೆಲ್ಲಿನೊಳಗೆ ಬೆಕ್ಕು ಹೊಕ್ಕಂತಾಯಿತು. ಬಡೇಸಾಬರು ದೊಡ್ಡ ಮನಸ್ಸು ಮಾಡಿ ಐದಕ್ಕೆ ಏರಿದರು. ಆರು.

ಆಗ ಅವರಿಗೆ ಗೊತ್ತಾಯಿತು, ಹೆಂಡತಿಯ ಕೈ ನಡುಗುತ್ತಿತ್ತು. ನಡುಗುವ ಕೈಗಳನ್ನು ಅವರು ಸಾವಿರ ಹಿಡಿದಿದ್ದರು. ಸ್ವಲ್ಪ ಕಾದರೆ ಅಂಥವರೇ ದರ ಇಳಿಸುತ್ತಾರೆ. ಕಾದರು. ಕೈ ನಡುಗುತ್ತಲೇ ಇತ್ತು, ದರ ಮಾತ್ರ ಇಳಿಯಲಿಲ್ಲ. ತಲೆ ಎತ್ತಿ ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಸಿಟ್ಟು ಎಲ್ಲೂ ಇರಲಿಲ್ಲ. ಬಡೇಸಾಬರ ಕಣ್ಣು ತಗ್ಗಿತು. ವ್ಯವಹಾರ ಕುದುರಿದಾಗ ಮಾಡುವಂತೆ ಅಂಗೈಗೆ ಅಂಗೈ ತಟ್ಟಿದರು.

"ಆರಕ್ಕೆ ಮುಗೀತು!" ಎಂದು ಮಾಳಿಂಗಪ್ಪನೇ ಕೂಗಿದ, ಯಾರಾದರೂ ಕೂಗಬೇಕಲ್ಲ.

ಶನಿವಾರ, ಭಾನುವಾರ ಹೇಗೂ ಯಂತ್ರಕ್ಕೆ ರಜೆ. ಸೋಮವಾರ ಕರೆಂಟಿನ ಹೊತ್ತಿಗೆ ಚಕ್ರವರ್ತಿಗಳು ಮತ್ತೆ ಹುಬ್ಬಳ್ಳಿಯಲ್ಲಿದ್ದರು. ಈ ಸಲ ಕಾವಲಿಗೆ ಮಹಾರಾಣಿಯೂ ಜೊತೆಗಿದ್ದರು, ಗಂಜಿಯ ಪಾತ್ರೆ ಹಿಡಿದು.

ಆರೂ ವಾರ ಮುಗಿದು, ಕತ್ತಿನ ಕಪ್ಪು ತಿಳಿಯಾಗಿ, ಮಳೆಗಾಲ ಕಳೆದ ಮೇಲೆ ಡಾಕ್ಟರು ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಹಿಡಿದು ನೋಡಿದರು. ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು. ಹಜೀರಾಬೀ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು.

"ಗಂಟಿಲ್ಲ. ತಪ್ಪದೆ ಬಂದು ತೋರಿಸ್ತಾ ಇರ್ರಿ. ಈಗ ಮಾತಾಡ್ರಿ ನೋಡೋಣ."

ಬಡೇಸಾಬರು ಬಾಯಿ ತೆರೆದರು, ಮುಚ್ಚಿದರು. ಸಂತೆಯನ್ನೇ ನಡುಗಿಸಿದ ಮನುಷ್ಯ ತನ್ನ ಧ್ವನಿಗೇ ಹೆದರಿ ಕೂತಿದ್ದರು. ಕೊನೆಗೆ ಎಣ್ಣೆ ಕಾಣದ ಗಾಡಿಯ ಗಾಲಿಯಂತೆ ಏನೋ ಕಿರುಗುಟ್ಟಿತು. ಕೆಮ್ಮಿದರು. ಆಮೇಲೆ ಹೊರಟ ಧ್ವನಿಗೆ ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ತಿರುಗಿ ನೋಡಿದರು:

"ಡಾಕ್ಟ್ರೇ, ಈಗಾರ ಖರೇ ಹೇಳ್ರಿ. ಐದು ವಾರಕ್ಕೆ ಬರ್ತಿರ್ಲಿಲ್ಲೇನು?"

ಹಜೀರಾಬೀ ಗೋಡೆಗೆ ಒರಗಿದರು, ನಗುತ್ತ, ಕಣ್ಣೊರೆಸಿಕೊಳ್ಳುತ್ತ.

"ಇದೇ ಧ್ವನಿ, ಡಾಕ್ಟ್ರೇ," ಎಂದರು. "ನಮ್ದೇ ಐತೆ ಇದು."