ಗ್ಯಾಸು ಬಿಟ್ಟರೆ ಯಾರಪ್ಪನ ಗಂಟು ಹೋಗುತ್ತದೆ?

ಹುಬ್ಬಳ್ಳಿಯ ನವನಗರದ ಮೂರಂತಸ್ತಿನ ಕಟ್ಟಡವೊಂದರ ತಾರಸಿ. ಇನ್ನೂ ಬಿಸಿಲು ಬಿದ್ದಿಲ್ಲ. ತುಕ್ಕು ಹಿಡಿದ ಹಳೆಯ ಎಸಿ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಸುಮಲತಾ, ಸೀರೆಯ ಮೇಲೆ ತೊಟ್ಟ ಗಂಡನ ಅಂಗಿಯ ತೋಳು ಮಡಚಿ, ತಾಮ್ರದ ಪೈಪಿಗೆ ಕೊಳವೆ ಬಿಗಿಯುತ್ತಿದ್ದಾರೆ. ಕೊಳವೆಯ ಇನ್ನೊಂದು ತುದಿ ಸೂಟ್‌ಕೇಸಿನಷ್ಟಿರುವ ಯಂತ್ರಕ್ಕೆ, ಅಲ್ಲಿಂದ ಸಿಲಿಂಡರಿಗೆ. ಯಂತ್ರ ಗುರುಗುಟ್ಟಲು ಶುರುವಾದ ಮೇಲೆ ಸಿಲಿಂಡರಿನ ಮೈಮೇಲೆ ಅಂಗೈ ಇಟ್ಟು ನೋಡುತ್ತಾರೆ. ಬೆಚ್ಚಗಾಗುತ್ತಿದ್ದರೆ ಎಸಿಯೊಳಗಿನ ತಂಪು ಮಾಡುವ ಗ್ಯಾಸು ಅದಕ್ಕೆ ತುಂಬುತ್ತಿದೆ ಎಂದರ್ಥ.

ಇನ್ನೂ ಎಷ್ಟೊತ್ತು ಎಂದು ಕಾವಲುಗಾರ ಆಗಲೇ ಎರಡು ಸಲ ಕೇಳಿ ಹೋಗಿದ್ದಾನೆ. ಪೈಪು ಕತ್ತರಿಸಿ ಬಿಟ್ಟರೆ ಬುಸ್ಸೆಂದು ಮುಗಿದುಹೋಗುವ ಕೆಲಸವಿದು. ಹಳೆಯ ಎಸಿ, ಫ್ರಿಜ್ಜು ಗುಜರಿಗೆ ಹೋಗುವಾಗ ಸುಮಲತಾ ಕಂಡ ಹೆಚ್ಚಿನ ಕಡೆ ಆಗುವುದೂ ಅದೇ. "ಅವರಿಗದು ಬರೇ ಗಾಳಿರಿ. ನನಗ ಅಲ್ಲ" ಎನ್ನುತ್ತಾರೆ.

ಹೊಸ ಎಸಿ, ಫ್ರಿಜ್ಜುಗಳ ಗ್ಯಾಸಿನಲ್ಲಿ ಕ್ಲೋರಿನ್ ಇಲ್ಲ. ಹಳೆಯವುಗಳಲ್ಲಿ ಇನ್ನೂ ಇದೆ. ಬಿಟ್ಟ ಗ್ಯಾಸು ವರ್ಷಗಟ್ಟಲೆ ತೇಲಿ, ನಮ್ಮ ಚರ್ಮವನ್ನೂ ಪೈರನ್ನೂ ಕಾಯುವ ಓಝೋನಿನವರೆಗೆ ಏರುತ್ತದೆ. ಅಲ್ಲಿನ ತೀಕ್ಷ್ಣ ಬಿಸಿಲಿಗೆ ಒಡೆದು ಕ್ಲೋರಿನ್ ಹೊರಬೀಳುತ್ತದೆ. ಮುಂದಿನ ಸಂಗತಿಯನ್ನು ಸುಮಲತಾ ತರಬೇತಿ ಶಿಬಿರವೊಂದರಲ್ಲಿ ಕೇಳಿದ್ದು, ಧಾರವಾಡದ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕಿ ಮೃಣಾಲಿನಿ ಅವರ ಬಾಯಿಂದ. ನನಗೂ ಅವರೇ ಬಿಡಿಸಿ ಹೇಳುತ್ತಾರೆ: "ಕ್ಲೋರಿನ್ ಅಲ್ಲೆ ಬ್ಯಾರೆ ಅಣುಗಳ ಜೋಡಿ ಸೇರಿ ಸುಮ್ಮನ ಕೂತಿರ್ತದರಿ. ಆದ್ರ ಹೊಗಿ ಕಣನೋ, ಜ್ವಾಲಾಮುಖಿ ಕಣನೋ ಅಷ್ಟು ಎತ್ತರಕ್ಕ ಏರಿತಂದ್ರ, ಅದರ ಮೈಮ್ಯಾಲೆ ಆ ಜೋಡಿ ಒಡೀತದ. ಬಿಡುಗಡಿ ಆದ ಕ್ಲೋರಿನ್ ಓಝೋನ್ ತಿನ್ನಲಿಕ್ಕೆ ಹತ್ತತದ. ಒಂದು ಅಣು ತಿಂದು ಸುಮ್ಮನಾಗೂದಿಲ್ಲ, ಸಾವಿರಾರು ತಿಂತದ."

ಆಸ್ಟ್ರೇಲಿಯಾದ ಕಾಡುಗಳು ಹೊತ್ತಿ ಉರಿದಾಗ ಹೊಗೆ ಅಷ್ಟೆತ್ತರ ಏರಿ ಹೀಗೇ ಆಗಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಓಝೋನ್ ಪದರ ಮೆಲ್ಲಗೆ ಚೇತರಿಸಿಕೊಳ್ಳುತ್ತಿದೆ, ನಿಜ. ಅದನ್ನೇ ನೆಪ ಮಾಡಿಕೊಂಡು ನಾವು ಇಂದು ಬಿಡುವ ಗ್ಯಾಸು, ಮುಂದೆಂದೋ ಉರಿಯಲಿರುವ ಕಾಡಿನ ಹೊಗೆಗಾಗಿ ಮೇಲೆ ಕಾದು ಕೂರುತ್ತದೆ. ಅದರ ಫಲ ಉಣ್ಣುವವರು ಇನ್ನೂ ಹುಟ್ಟಿಯೇ ಇಲ್ಲ. ಯಾರಿಗೂ ನಾಚಿಕೆಯಾಗದಿರುವುದು ಬಹುಶಃ ಅದಕ್ಕೇ.

ಸುಮಲತಾ ಅವರ ಸಿಟ್ಟು ಮಾತ್ರ ಆಕಾಶದಲ್ಲಿ ಹುಟ್ಟಿದ್ದಲ್ಲ. ಧಾರವಾಡದ ಬಳಿಯ ಮುಗದ ಎಂಬ ಊರಿನ ಈ ರೈತರ ಮಗಳು ಮದುವೆಯಾದದ್ದು ರಾಯಾಪುರದ ಎಸಿ ಮೆಕ್ಯಾನಿಕ್ ಪರಮೇಶ ಅವರನ್ನು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಪರಮೇಶ ಪೈಪು ಬೆಸೆಯಲು ಹೊರಟಾಗ ಒಳಗೆ ಗ್ಯಾಸು ಉಳಿದಿತ್ತು. "ಗ್ಯಾಸ್ ಪೂರಾ ತಗದ ಬೆಂಕಿ ಹಚ್ಚತೇನ್ರಿ ಅಂದೆ. ಗಿರಾಕಿ ಬರೂ ಹೊತ್ತಾತು, ಲಗೂ ಮುಗಸು ಅಂದ್ರು ಮಾಲಕರು" ಎಂದು ಪರಮೇಶ ನೆನೆಯುತ್ತಾರೆ. ಬೆಂಕಿ ಹಚ್ಚಿದೊಡನೆ ಜ್ವಾಲೆ ಹಸಿರಾಯಿತು. ಕಿಟಕಿಯಿಲ್ಲದ ಕೋಣೆ. ಕಾದ ಗ್ಯಾಸು ವಿಷವಾಗಿ ಶ್ವಾಸಕೋಶ ಸುಟ್ಟಿತು. ಪರಮೇಶ ಈಗ ಮೆಟ್ಟಿಲು ಹತ್ತಲಾರರು. ಮನೆಯಲ್ಲೇ ಕೂತು ಫ್ಯಾನು ರಿಪೇರಿ ಮಾಡುತ್ತಾರೆ. ಆಸ್ಪತ್ರೆಗೆ ಬಂದ ಅಂಗಡಿ ಮಾಲೀಕರು ಹೇಳಿದ್ದು, ಇವರಿಗೆ ಮೊದಲೇ ದಮ್ಮಿನ ಕಾಯಿಲೆ ಇರಬೇಕು ಎಂದು.

ಆಮೇಲೆ ಗಂಡ ಫೋನಿನಲ್ಲಿ ಹೇಳಿಕೊಡುತ್ತ, ಹೆಂಡತಿ ತಾರಸಿ ಹತ್ತುತ್ತ ಕೆಲಸ ಕಲಿತರು. ಹೆಂಗಸು ನಟ್ಟು ತಿರುವುವ ಪಾನಾ ಹಿಡಿದದ್ದಕ್ಕೆ ನಕ್ಕವರಿದ್ದರು. ಶಿಬಿರ ಮುಗಿಸಿ ಗ್ಯಾಸು ಹಿಡಿದಿಡುವ ಯಂತ್ರ ತಂದ ಮೇಲೆ, ನಗುತ್ತಿದ್ದವರಿಗೆ ಸಿಟ್ಟು ಬರತೊಡಗಿತು. ಇಷ್ಟು ಹೊತ್ತು ಹಿಡಿದರೆ ಕೆಲಸ ಸಾಗುವುದೆಂತು ಎಂಬುದು ಅವರ ತಕರಾರು.

ಕಳೆದ ಬೇಸಿಗೆಯಲ್ಲಿ ಧಾರವಾಡ ರಸ್ತೆಯ ಕಟ್ಟಡವೊಂದರ ಕೆಲಸ ಬಂತು. ತಾರಸಿಯ ತುಂಬ ಹಳೆಯ ಎಸಿಗಳು. ಬಾಡಿಗೆಗೆ ಬರಲಿದ್ದ ಕಂಪನಿಯವರು ಗ್ಯಾಸನ್ನೆಲ್ಲ ಹಿಡಿದಿಡಬೇಕೆಂಬ ಷರತ್ತು ಹಾಕಿದ್ದರಿಂದ ಗುತ್ತಿಗೆದಾರ ಏಕನಾಥ ಇವರನ್ನು ಕರೆದಿದ್ದರು. ಬೆಳಕು ಹರಿಯುವ ಹೊತ್ತಿಗೆ ಸುಮಲತಾ ಮೇಲೇರಿ ನೋಡಿದರೆ ಏಕನಾಥ ಅವರ ಆಳುಗಳು ಹಿಂದಿನ ಸಂಜೆಯೇ ಪೈಪುಗಳಿಗೆ ಗರಗಸ ಆಡಿಸಿ ಮುಗಿಸಿದ್ದರು. ಮೂಲೆಯಲ್ಲಿ ಒಂದೇ ಒಂದು ಎಸಿ ಕತ್ತರಿಸದೆ ಉಳಿದಿತ್ತು.

ಆಕೆ ಆ ಒಂದರ ಮುಂದೆ ಕೂತರು. ಏಕನಾಥ ಬಂದು, ಹೋದದ್ದು ಹೋಯಿತು, ಗ್ಯಾಸು ಬಿಟ್ಟರೆ ಯಾರಪ್ಪನ ಗಂಟು ಹೋಗುತ್ತದೆ ಎಂದರು. ಕಟ್ಟಡದ ಮಾಲೀಕರು ಬಂದಾಗ ಎಲ್ಲವನ್ನೂ ಹಿಡಿದಿದ್ದೇವೆ ಎಂದುಬಿಡು ಎಂದೂ ಹೇಳಿಕೊಟ್ಟರು. ಸ್ವಲ್ಪ ಹೊತ್ತಿಗೆ ಮಾಲೀಕ ಕೇದಾರ ಮೇಲೆ ಬಂದು, ಎಲ್ಲ ಮುಗಿಯಿತೇ ಎಂದು ವಿಚಾರಿಸಿದರು.

"ಇಲ್ರಿ. ನಾ ಒಂದರದ್ದ ಹಿಡದೇನಿ. ಉಳದದ್ದೆಲ್ಲಾ ನಿನ್ನಿ ಸಂಜೀಕ ಗಾಳ್ಯಾಗ ಬಿಟ್ಟಾರ" ಎಂದರು ಸುಮಲತಾ.

ಕೇದಾರ ಕೇಳಿದರು: "ಅದರಿಂದ ನಮ್ಮ ಬಿಲ್ಡಿಂಗಿಗೆ ಏನರ ಅಪಾಯ ಅದ ಏನು?"

"ನಿಮಗೇನೂ ಇಲ್ರಿ."

"ಮತ್ತ ಬಿಡ್ರಿ" ಎಂದ ಅವರು, ಏಕನಾಥ ಅವರ ಹೆಗಲ ಮೇಲೆ ಕೈ ಹಾಕಿ ಚಹಾಕ್ಕೆ ಇಳಿದುಹೋದರು.

ಸುಮಲತಾ ದೂರು ಕೊಡಲು ಹೋದ ಕಚೇರಿಯಲ್ಲಿ, ಗಾಳಿಯಲ್ಲಿ ಹೋದದ್ದಕ್ಕೆ ಸಾಕ್ಷಿ ಎಲ್ಲಿದೆ ಎಂದು ಕೇಳಿ, ಇನ್ನೊಂದು ಕಚೇರಿಗೆ ಕಳಿಸಿದರು. ಅಲ್ಲಿನವರು ಮತ್ತೆ ಮೊದಲಿನದಕ್ಕೇ ಕಳಿಸಿದರು. ಬಣ್ಣವಿಲ್ಲದ, ಗುರುತು ಉಳಿಸದ ಅಪರಾಧಕ್ಕೆ ಇರುವ ಸೌಕರ್ಯ ಇದು. ಏಕನಾಥ ಆಮೇಲೆ ಇವರನ್ನು ಕರೆದಿಲ್ಲ. ಕರೆಯದಂತೆ ಇನ್ನೂ ಕೆಲವರಿಗೆ ಹೇಳಿಟ್ಟಿದ್ದಾರೆ. ಸುಮಲತಾ ಈಗ ಗುಜರಿ ಅಂಗಡಿಗಳನ್ನು ತಾವೇ ಸುತ್ತಿ, ಒಡೆಯುವ ಮುನ್ನ ಫ್ರಿಜ್ಜುಗಳ ಗ್ಯಾಸು ಇಳಿಸಿಕೊಳ್ಳುತ್ತಾರೆ. ತುಂಬಿದ ಸಿಲಿಂಡರು ಶುದ್ಧೀಕರಣಕ್ಕೆ ಬೇರೆ ಊರಿಗೆ ಹೋಗುತ್ತದೆ.

ನವನಗರದ ತಾರಸಿಗೆ ಬಿಸಿಲು ಬರುತ್ತದೆ. ಯಂತ್ರ ನಿಲ್ಲಿಸಿ, ವಾಲ್ವು ತಿರುವಿ, ಸುಮಲತಾ ಸಿಲಿಂಡರನ್ನು ಹೆಗಲಿಗೇರಿಸುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮೆಟ್ಟಿಲ ಬಳಿ ನಿಲ್ಲುತ್ತಾರೆ.

"ಪೈಪ್ ಕತ್ತರಸೂ ಮೊದಲ ನನಗ ಒಂದು ಫೋನ್ ಮಾಡ್ರಿ ಅಂತ ಬರೀರಿ, ಅಷ್ಟ ಸಾಕು. ಮತ್ತ ಸಿಟ್ಟಿಲೆ ಬರೀರಿ. ಮೆತ್ತಗ ಬರದ್ರ, ಪಾಪ ಛಲೋ ಹೆಣಮಗಳು ಅಂತ ಪೇಪರ್ ಮಡಚಿ ಇಡತಾರ."